ರಾಣಿ ಗೆದ್ದಲು ಮತ್ತು ಮುದುಕರ ಬೆನ್ನು

ಮೊನ್ನೆ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಊರಿನಿಂದ ಒಂದು ಫೋಟೋ ಬಂತು. ಬಾಳೆಎಲೆಯ ಮೇಲೆ ರಾಶಿ ಹೆಗ್ಗಾಲಣಬೆ. "ಎಲ್ಲಿ ಸಿಕ್ತೋ?" ಎಂದು ಎಲ್ಲರೂ ಕೇಳಿದರು, ಫೋಟೋ ಹಾಕಿದವನದು ಮಾತ್ರ ಮೌನ. ಸರಿಯೇ. ಅಣಬೆ ಏಳುವ ಜಾಗದ ಗುಟ್ಟು ಬಿಡುವವನು ಮಲೆನಾಡಿನವನೇ ಅಲ್ಲ. ನಮ್ಮ ಚಿಕ್ಕಪ್ಪ ಜಮೀನಿನ ಪತ್ರ ಎಲ್ಲಿಟ್ಟಿದ್ದೇನೆಂದು ಊರಿಗೆಲ್ಲ ಹೇಳುತ್ತಿದ್ದರು, ಅಣಬೆಯ ಹುತ್ತ ಯಾವುದೆಂದು ಚಿಕ್ಕಮ್ಮನಿಗೂ ಹೇಳಲಿಲ್ಲ. ಮಳೆಗಾಲದ ಮೊದಲ ಗುಡುಗು ಕೇಳಿಸಿತೋ, ಬೆಳಗಿನ ಜಾವಕ್ಕೇ ಪಂಚೆ ಎತ್ತಿ ಕಟ್ಟಿ ಮಾಯ.

ಅಣಬೆ ಏಳಿಸುವುದು ಗುಡುಗು ಎಂದೇ ಅವರು ನಂಬಿದ್ದರು. ಆದರೆ ಅಣಬೆಯ ನಿಜವಾದ ಬೇಸಾಯಗಾರರು ಇರುವುದು ನೆಲದಡಿ: ಗೆದ್ದಲು. ಗೆದ್ದಲಿಗೆ ಮರ, ತರಗೆಲೆ ಕಡಿಯಲು ಬರುತ್ತದೆ, ಪೂರ್ತಿ ಅರಗಿಸಿಕೊಳ್ಳಲು ಬರುವುದಿಲ್ಲ. ಅರೆಜೀರ್ಣವಾಗಿ ಹೊರಬಿದ್ದದ್ದನ್ನು ಹುತ್ತದೊಳಗೆ ಸ್ಪಂಜಿನಂತೆ ಪೇರಿಸಿ, ಅದರ ಮೇಲೆ ಶಿಲೀಂಧ್ರ ಬೆಳೆಸುತ್ತದೆ. ಲಿಗ್ನಿನ್ನಿನಂಥ ಗಟ್ಟಿ ಪದಾರ್ಥವನ್ನು ಮುರಿದು ಹದ ಮಾಡುವುದು ಶಿಲೀಂಧ್ರ, ಉಣ್ಣುವುದು ಗೆದ್ದಲು. ಈ ಕೃಷಿ ಶುರುವಾಗಿ ಸುಮಾರು 3 ಕೋಟಿ ವರ್ಷ. ನಮ್ಮದು ಹತ್ತು ಹನ್ನೆರಡು ಸಾವಿರ ವರ್ಷ, ಅಷ್ಟಕ್ಕೇ ನಮಗೆ ಎಷ್ಟು ಜಂಬ! ಗೆದ್ದಲಿಗೆ ಕಳೆಯ ಕಾಟವೂ ಉಂಟು: ಅದು ಕೈಬಿಟ್ಟರೆ ಬೇರೆ ಜಾತಿಯ ಶಿಲೀಂಧ್ರ ತೋಟವನ್ನು ಮುತ್ತಿಕೊಳ್ಳುತ್ತದೆ. ಬಟನ್ ಅಣಬೆಯನ್ನು ಶೆಡ್ಡಿನಲ್ಲಿ ಬೆಳೆದು ಪ್ಯಾಕೆಟ್ಟಿಗೆ ತುಂಬುವ ನಮಗೆ ಹೆಗ್ಗಾಲಣಬೆಯನ್ನು ಹಾಗೆ ಬೆಳೆದು ಮಾರುವುದು ಇನ್ನೂ ಒಲಿದಿಲ್ಲ.

ಹುತ್ತದೊಳಗಿನ ಶಿಲೀಂಧ್ರದ ಬಗ್ಗೆ ಮೊದಮೊದಲು ಬರೆದವರಲ್ಲಿ ಯೋಹಾನ್ ಕ್ಯೋನಿಗ್ ಒಬ್ಬ. ಲಿನೇಯಸನ ಶಿಷ್ಯ, 1768ರಲ್ಲಿ ತರಂಗಂಬಾಡಿಯ ಡೇನಿಷರ ನೆಲೆಗೆ ವೈದ್ಯನಾಗಿ ಬಂದವನು. ತಂಜಾವೂರಿನ ಕಡೆ ಹುತ್ತಗಳನ್ನು ನೋಡಿ 1779ರಲ್ಲಿ ಬರೆದ. ಆ ವಿಜ್ಞಾನವೆಲ್ಲ ಇರಲಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಇನ್ನೊಂದು ವರದಿ: ನಮ್ಮ ದೇಶದ ಕೆಲವು ಕಡೆ ರಾಣಿ ಗೆದ್ದಲನ್ನು ಜೀವಂತವಾಗಿ ಮುದುಕರಿಗೆ ತಿನ್ನಿಸುತ್ತಿದ್ದರಂತೆ, ಬೆನ್ನಿಗೆ ಬಲ ಬರಲೆಂದು! ದಿನಕ್ಕೆ ಸಾವಿರಾರು ಮೊಟ್ಟೆ ಇಡುವ, ಉಬ್ಬಿದ ಹೊಟ್ಟೆಯ, ಬೆರಳುದ್ದದ ಜೀವ. ಅಗಿದರೋ, ಹಾಗೇ ನುಂಗಿದರೋ? ಯಾರ ಬೆನ್ನು ನೆಟ್ಟಗಾಯಿತು? ಚಿಕ್ಕಪ್ಪನ ಬೆನ್ನೂ ಕೊನೆಗಾಲದಲ್ಲಿ ಬಾಗಿ, ಮಹಾನಾರಾಯಣ ತೈಲಕ್ಕೂ ಜಗ್ಗಿರಲಿಲ್ಲ. ಆದರೂ ಈ ಮದ್ದಿಗೆ ಅವರು ಒಪ್ಪುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಅಸಹ್ಯಪಟ್ಟಲ್ಲ, ಲೆಕ್ಕ ಹಾಕಿ. ರಾಣಿ ಹೋದರೆ ಗೆದ್ದಲು ಹೋಯಿತು, ಗೆದ್ದಲು ಹೋದರೆ ತೋಟ ಹೋಯಿತು; ಒಬ್ಬರ ಬೆನ್ನಿಗೆ ಮನೆಮಂದಿಯ ವರ್ಷ ವರ್ಷದ ಅಣಬೆ ಸಾರು ಬಲಿ.

ಈಗ ರಾಣಿಯನ್ನು ನುಂಗುವವರು ನನ್ನ ಕಣ್ಣಿಗೆ ಬಿದ್ದಿಲ್ಲ. ಸೈಟು ಮಟ್ಟ ಮಾಡುವ ಜೆಸಿಬಿ ಹುತ್ತವನ್ನೇ ನುಂಗುತ್ತದೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವವರು, ಬಾಡಿಗೆಗೆ ಬಂದ ಹಾವಿಗಲ್ಲದೆ ಮನೆ ಕಟ್ಟಿದವರಿಗೂ ಸ್ವಲ್ಪ ಮರ್ಯಾದೆ ತೋರಿಸಬಹುದು. ನಿಮ್ಮ ತೋಟದ ಅಂಚಿನಲ್ಲಿ ಹುತ್ತವಿದ್ದರೆ ಯಂತ್ರದವನಿಗೆ ಬಳಸಿಕೊಂಡು ಹೋಗಲು ಹೇಳಿ. ಅಣಬೆ ಎದ್ದರೆ ಕೈಯಲ್ಲೇ ಕೀಳಿ, ಬುಡಕ್ಕೆ ಹಾರೆ ಹಾಕಬೇಡಿ.