ಖಂಡಸ್ಫುಟಿತ ಜೀರ್ಣೋದ್ಧಾರ: ಒಂದು ಮಾಳಿಗೆ ಮನೆಯ ವೃತ್ತಾಂತ

ಕರ್ನಾಟಕದ ದತ್ತಿಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಸಮಾಸ ಚಿರಪರಿಚಿತ. ಬಸದಿಗೋ ದೇಗುಲಕ್ಕೋ ಭೂಮಿಯನ್ನು ಬಿಡುವಾಗ ಅದರ ಆದಾಯ ಯಾವ ಕಾರ್ಯಗಳಿಗೆ ಸಲ್ಲಬೇಕೆಂಬುದನ್ನು ಶಾಸನ ಸೂಚಿಸುತ್ತದೆ. ದೇವರ ಅಷ್ಟವಿಧಾರ್ಚನೆಗೆ, ಋಷಿಯರ ಆಹಾರದಾನಕ್ಕೆ, ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಖಂಡವೆಂದರೆ ಒಡೆದುದು, ಸ್ಫುಟಿತವೆಂದರೆ ಬಿರುಕುಬಿಟ್ಟುದು, ಜೀರ್ಣವೆಂದರೆ ಸವೆದು ಹಳತಾದುದು. ಮತ್ತೆ ಮತ್ತೆ ಬರುವುದರಿಂದಲೇ ಈ ಪದಪುಂಜವನ್ನು ವಿದ್ಯಾರ್ಥಿಗಳು ಸಿದ್ಧಸೂತ್ರವೆಂದು ಬಗೆದು ಮುಂದೆ ಸಾಗುತ್ತಾರೆ. ಕಾಲ, ಅರಸ, ದಾನಿ, ಆಚಾರ್ಯಪರಂಪರೆ ಇವುಗಳ ಮೇಲೆ ನೆಲೆಸುವ ಗಮನ ಈ ಮಾತಿನ ಮೇಲೆ ನಿಲ್ಲುವುದಿಲ್ಲ. ಇದರ ಅರ್ಥವನ್ನು ನಿಘಂಟಿಗಿಂತ ಚೆನ್ನಾಗಿ ತಿಳಿಸಬಲ್ಲ ಒಂದು ಮನೆ ಪಾವಗಡ ತಾಲ್ಲೂಕಿನಲ್ಲಿದೆ.

ನಿಡುಗಲ್ಲು ಬೆಟ್ಟ ದೂರಕ್ಕೆ ಕಾಣುವ ಒಂದು ಹಳ್ಳಿಯಲ್ಲಿರುವ ಆ ಮನೆ ಅರಮನೆಯಲ್ಲ, ವಾಡೆಯೂ ಅಲ್ಲ. ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಹಿತ್ತಲಿನಲ್ಲಿ ಮೂರು ಹುಣಿಸೆಮರ. ಗೋಡೆಗಳು ಮೊಳಕ್ಕೂ ಮಿಗಿಲಾದ ದಪ್ಪದ ಮಣ್ಣಿನವು. ಮೇಲೆ ಮಣ್ಣಿನ ಮಾಳಿಗೆ. ಆಂಧ್ರದ ನೆಲ ಬಹುಪಾಲು ಸುತ್ತುವರಿದಿರುವ ಈ ತಾಲ್ಲೂಕಿನಲ್ಲಿ ಮನೆಮಾತು ಎರಡಾದ್ದರಿಂದ ಕೆಲವರು ಅದನ್ನೇ ಮಿದ್ದೆ ಎನ್ನುತ್ತಾರೆ. ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಕಡ್ಡಿಯ ಹಾಸು, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳುಮಣ್ಣಿನ ಹೊದಿಕೆ. ಸೋಡಿಯಂ ಅಂಶ ಹೆಚ್ಚಿರುವ ಚೌಳಿನ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ. ನೀರು ಇಳಿಯದೆ ಮೇಲೆಯೇ ಹರಿದು ಕಲ್ಲಿನ ದೋಣಿಯಿಂದ ಹೊರಗೆ ಬೀಳುತ್ತದೆ. ಹೊಲಕ್ಕೆ ಶಾಪವಾದ ಗುಣವೇ ಮಾಳಿಗೆಗೆ ವರ. ಆದರೆ ಗಾಳಿಮಳೆಗೆ ಆ ಹೊದಿಕೆ ಸವೆಯುತ್ತದೆ. ಮುಂಗಾರಿಗೆ ಮೊದಲು ಪ್ರತಿವರ್ಷವೂ ಕೆಲವು ಬುಟ್ಟಿ ಚೌಳನ್ನು ಹೊತ್ತು ಹಾಕಿ, ಹರಡಿ, ತುಳಿಯಬೇಕು. ಇದು ದುರಸ್ತಿಯಲ್ಲ, ಬದುಕಿನ ವಾಡಿಕೆ. ಮನೆಯ ಯಜಮಾನ ತೀರಿಕೊಂಡ ವರ್ಷ ಆ ವಾಡಿಕೆ ನಿಂತಿತು. ಒಂಬತ್ತು ಮಳೆಗಾಲ ಕಳೆಯುವಷ್ಟರಲ್ಲಿ ಮಾಳಿಗೆಯ ಮೇಲೆ ಹುಲ್ಲು ಬೆಳೆದು, ದೋಣಿ ಕಟ್ಟಿಕೊಂಡು, ನಡುಮನೆಯ ಮೂಲೆಯಲ್ಲಿ ಆಕಾಶ ಕಂಡಿತು.

ಮಕ್ಕಳು ಇಬ್ಬರು. ಹಿರಿಯವನು ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತ, ನಿವೃತ್ತಿಗೆ ಮೂರು ವರ್ಷ ಬಾಕಿ. ಕಿರಿಯವನು ಶಿರಾದಲ್ಲಿ ಉಪಾಧ್ಯಾಯ. ಎಂಬತ್ತು ದಾಟಿದ ತಾಯಿ ಅವನಲ್ಲಿದ್ದಾಳೆ. ಮನೆಯನ್ನು ಕೆಡವಿ ಮರಮುಟ್ಟು ಮಾರಿ, ನಿವೇಶನವನ್ನು ಕೊಡುವುದೆಂದು ಕಿರಿಯವನ ಸಲಹೆ. ಅದು ನಿಷ್ಕರುಣೆಯ ಮಾತಲ್ಲ, ಲೆಕ್ಕದ ಮಾತು; ತಾಯಿಯ ಔಷಧದ ಖರ್ಚನ್ನು ಹೊರುತ್ತಿದ್ದವನು ಅವನೇ. ಹಿರಿಯವನು ಒಂದು ವರ್ಷದ ಗಡುವು ಕೇಳಿದ. ಅವನಿಗಿದ್ದುದು ವಾರಕ್ಕೆ ಒಂದೇ ದಿನ. ಭಾನುವಾರ ನಸುಕಿನ ಬಸ್ಸಿನಲ್ಲಿ ಹೊರಟು ಕೊರಟಗೆರೆ, ಮಧುಗಿರಿ ದಾಟಿ ಊರು ಸೇರುವಷ್ಟರಲ್ಲಿ ಬಿಸಿಲೇರುತ್ತಿತ್ತು. ಸಂಜೆಯ ಬಸ್ಸಿಗೆ ಮರಳಬೇಕಾಗಿತ್ತು. ಕೈಗೆ ಉಳಿಯುತ್ತಿದ್ದುದು ಆರು ಗಂಟೆಯ ಕೆಲಸ.

ಮೊದಲ ಕೆಲಸದಲ್ಲೇ ಅವನು ತಪ್ಪಿದ. ಗೋಡೆಯ ಬಿರುಕುಗಳು ಕಣ್ಣಿಗೆ ಕುಕ್ಕುತ್ತಿದ್ದುದರಿಂದ ನಾಲ್ಕು ಭಾನುವಾರ ದುಡಿದು ಬೀದಿಯ ಕಡೆಯ ಗೋಡೆಗೆ ಸಿಮೆಂಟು ಬಳಿಸಿದ. ಮನೆ ಹೊಸದಾದಂತೆ ತೋರಿತು. ಹಸ್ತ ಚಿತ್ತೆಯ ಮಳೆ ಕಳೆದ ಮೇಲೆ ಆ ಸಿಮೆಂಟಿನ ಗಿಲಾವು ಹಲಗೆ ಹಲಗೆಯಾಗಿ ಕಳಚಿತು. ಅದರೊಡನೆ ಒಳಗೆ ನೆನೆದಿದ್ದ ಗೋಡೆಯ ಒಂದು ಮಗ್ಗುಲೂ ಜಾರಿತು. ಎದುರುಮನೆಯ ಅಜ್ಜಿ ಜಗಲಿಯ ಮೇಲೆ ಕುಳಿತು ಹೇಳಿದಳು: “ಮಣ್ಣಿನ ಗೋಡೆ ನೀರು ಕುಡಿದ್ರೂ ಬಿಸಿಲಿಗೆ ಆರಿಕೊಳ್ತದೆ ಕಣಪ್ಪ. ನೀನು ಮೈಗೆಲ್ಲಾ ಸಿಮೆಂಟು ಮೆತ್ತಿ ಬಾಯಿ ಮುಚ್ಚಿದ್ರೆ ಅದು ಎಲ್ಲಿ ಆರ್ತದೆ? ನಿಮ್ಮಪ್ಪ ಮೊದಲು ಮಾಳಿಗೆ ನೋಡ್ತಿದ್ದ, ಆಮೇಲೆ ಗೋಡೆ.”

ಆ ಮಾತಿನಲ್ಲಿ ಒಂದು ಕ್ರಮವಿತ್ತು. ಹಾಳಾದ ಮನೆಯ ಶತ್ರು ಬಿರುಕಲ್ಲ, ನೀರು. ಬಿರುಕು ಅದರ ಹೆಜ್ಜೆಗುರುತು ಮಾತ್ರ. ಹಿರಿಯವನು ಉಳಿದ ಸಿಮೆಂಟನ್ನು ಉಳಿಯಿಂದ ಎಬ್ಬಿಸಿ ತೆಗೆದ. ನಾಲ್ಕು ಭಾನುವಾರಗಳ ಕೆಲಸವನ್ನು ಅಳಿಸಲು ಮತ್ತೆ ಮೂರು ಹಿಡಿದವು. ಅನಂತರ ಏಣಿ ಹತ್ತಿ ಮೇಲಿನ ಹುಲ್ಲನ್ನು ಬೇರುಸಹಿತ ಕಿತ್ತು, ದೋಣಿಯನ್ನು ಬಿಡಿಸಿದ. ಒಂದು ತೊಲೆಯ ತುದಿ ಗೋಡೆಯೊಳಗೆ ಕೂರುವ ಜಾಗದಲ್ಲಿ ಮಾತ್ರ ಲಡ್ಡಾಗಿತ್ತು. ಇಡೀ ತೊಲೆಯನ್ನು ಬದಲಿಸದೆ ಆ ತುದಿಗೆ ಕಲ್ಲಿನ ಊರೆಗಂಬ ಕೊಟ್ಟು ನಿಲ್ಲಿಸಲಾಯಿತು. ಏಳು ಜಂತೆಗಳು ಹೊಸದಾದವು. ಜಾರಿದ ಗೋಡೆಗೆ ಅದೇ ಗೋಡೆಯ ಮಣ್ಣನ್ನೇ ಹುಲ್ಲಿನೊಡನೆ ಕಲಸಿ, ಕೊಳೆಯಿಸಿ, ತುಳಿದು, ವಾರಕ್ಕೊಂದು ವರಸೆಯಂತೆ ಏರಿಸಿದರು. ಇಲ್ಲಿ ಭಾನುವಾರದ ಬಡತನವೇ ಉಪಕಾರವಾಯಿತು: ಕೆಳಗಿನ ವರಸೆ ಆರುವ ಮುನ್ನ ಮೇಲಿನದನ್ನು ಹಾಕಬಾರದು, ನಡುವಣ ಆರು ದಿನ ಗೋಡೆಗೆ ಬೇಕಾದ ದಿನಗಳೇ ಆಗಿದ್ದವು. ಜಗಲಿಯ ಕಲ್ಲುಸಂದುಗಳಿಗೆ ಮಧುಗಿರಿ ಕಡೆಯ ಒಬ್ಬ ವೃದ್ಧ ಗಾರೆಕೆಲಸದವನು ಸುಣ್ಣವನ್ನು ವಾರಗಟ್ಟಲೆ ನೆನೆಯಿಟ್ಟು, ಬೆಲ್ಲದ ನೀರು ಮತ್ತು ಅಳಲೆಕಾಯಿಯ ನೀರು ಬೆರೆಸಿ ಗಾರೆ ಅರೆದುಕೊಟ್ಟ.

ಆ ಮನೆಯ ಮಾಳಿಗೆಯಿಂದ ಕಾಣುವ ನಿಡುಗಲ್ಲಿಗೆ ಶಾಸನಗಳಲ್ಲಿ ಕಾಳಾಂಜನವೆಂಬ ಹೆಸರೂ ಉಂಟು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ, ಅಂದರೆ 1904ರಲ್ಲಿ ಪ್ರಕಟವಾದ ತುಮಕೂರು ಜಿಲ್ಲೆಯ ಸಂಪುಟದಲ್ಲಿ, ಆ ಬೆಟ್ಟದ 1232ರ ಶಾಸನವಿದೆ. ಇರುಂಗೋಳನ ಆಳ್ವಿಕೆಯಲ್ಲಿ ಗಂಗೇಯನ ಮಾರೆಯ ಎಂಬವನು ಪಾರ್ಶ್ವಜಿನನಿಗೆ ಬಸದಿ ಕಟ್ಟಿಸಿದುದನ್ನು ಅದು ತಿಳಿಸುತ್ತದೆ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಂತಿದೆ. ಅನಂತರದ ಶತಮಾನಗಳಲ್ಲಿ ಇಂಥ ಬಸದಿಗಳ ಸೂರಿನ ಸೋರಿಕೆಯನ್ನು ಮುಚ್ಚಿದವರ, ಗೋಡೆಯ ಸಂದಿನ ಅರಳಿಗಿಡವನ್ನು ಕಿತ್ತವರ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ.

ಉಳಿದ ನಿದರ್ಶನಗಳು ವಿರಳವಾದರೂ ಉಜ್ವಲವಾಗಿವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಶ್ರವಣಬೆಳ್ಗೊಳದ 12ನೇ ಶತಮಾನದ ಶಾಸನಗಳು ಹೊಗಳುವುದು ಯುದ್ಧಗಳಿಗಾಗಿ ಮಾತ್ರವಲ್ಲ. ಗಂಗವಾಡಿಯ ಜೀರ್ಣ ಜಿನಾಲಯಗಳನ್ನೆಲ್ಲ ಉದ್ಧರಿಸಿ ತೊಂಬತ್ತಾರುಸಾಸಿರವನ್ನು ಕೊಪಣದಂತೆ ಬೆಳಗಿಸಿದನೆಂದೂ ಹೊಗಳುತ್ತವೆ. 1159ರಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳರಾಜನು ಬಂಕಾಪುರದ ಹಳೆಯ ಜಿನಾಲಯವನ್ನೂ ಎತ್ತಿ ನಿಲ್ಲಿಸಿದ. ಅನೇಕ ಶಾಸನಗಳ ಕೊನೆಯ ಶ್ಲೋಕವೊಂದು ಇದನ್ನೇ ತತ್ತ್ವವಾಗಿ ಹೇಳುತ್ತದೆ: ದಾನ ಕೊಡುವುದಕ್ಕಿಂತ ಕೊಟ್ಟುದನ್ನು ಪಾಲಿಸುವುದು ಹಿರಿದು. ಆದರೆ ಪಾಲನೆ ಬರಿಯ ಭಕ್ತಿಯಿಂದ ನಡೆಯದೆಂಬುದು ಪ್ರಾಚೀನರಿಗೆ ಗೊತ್ತಿತ್ತು. ಅಂತೆಯೇ ಅವರು ಕಟ್ಟಡದ ಜೊತೆಗೆ ಗದ್ದೆ ತೋಟಗಳನ್ನೂ ಬಿಟ್ಟರು. ಕಟ್ಟಡ ಮುಗಿದ ದಿನವೇ ಅದರ ಸವೆತ ಆರಂಭವಾಗುತ್ತದೆಂದು ಒಪ್ಪಿಕೊಂಡು, ಇನ್ನೂ ಒಡೆಯದ ಗೋಡೆಯ ಬಿರುಕಿಗೆ ಮುಂಗಡವಾಗಿ ದುಡ್ಡಿಟ್ಟವರ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’.

ಗಡುವಿನ ವರ್ಷ ಮುಗಿಯುವ ಹೊತ್ತಿಗೆ ಕಿರಿಯವನು ತಾಯಿಯನ್ನು ಕರೆದುಕೊಂಡು ಶಿರಾದಿಂದ ಬಂದ. ಅಡುಗೆಮನೆಗೆ ಇನ್ನೂ ಕೈ ಹಚ್ಚಿರಲಿಲ್ಲ. ಹಿತ್ತಲ ಗೋಡೆ ಅರ್ಧಕ್ಕೆ ನಿಂತಿತ್ತು. ತಾಯಿ ನಡುಮನೆಯ ಗೂಡಿನಲ್ಲಿ ಕೈಯಾಡಿಸಿ, ಅಲ್ಲಿ ಹಳೆಯ ದೀಪದ ಮಸಿ ಹಾಗೆಯೇ ಇದೆಯೇ ಎಂದು ನೋಡಿಕೊಂಡು ಕುಳಿತಳು.

“ಅಣ್ಣ, ವಾರಕ್ಕೊಂದು ದಿನ ಮಾಡಿದ್ರೆ ಈ ಮನೆ ಮುಗಿಯೋದು ಯಾವಾಗ?” ಎಂದ ಕಿರಿಯವನು.

“ಮುಗಿಯೋದಿಲ್ಲ ಕಣೋ. ಅಪ್ಪನೂ ಮುಗಿಸಿರಲಿಲ್ಲ.”

ಕಿರಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ ಅವನು ಕೇಳಿದ್ದು ಯಾವ ಭಾವುಕತೆಯೂ ಇಲ್ಲದ, ಆದರೆ ಇಡೀ ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ: “ಸರಿ. ನಿನ್ನ ಮಂಡಿ ಏಣಿ ಹತ್ತದ ದಿನ ಚೌಳು ಹಾಕಿಸೋರು ಯಾರು? ಅದಕ್ಕೆ ದುಡ್ಡು ಎಲ್ಲಿಂದ ಬರ್ತದೆ?”

ಉತ್ತರವನ್ನು ತಾಯಿ ಕೊಟ್ಟಳು. ಹಿತ್ತಲ ಮೂರು ಹುಣಿಸೆಮರಗಳ ಫಲವನ್ನು ಊರಿನವರೇ ಬಡಿದುಕೊಂಡು ಹೋಗುತ್ತಿದ್ದರು. ಅದನ್ನು ವರ್ಷ ವರ್ಷ ಗುತ್ತಿಗೆಗೆ ಕೊಟ್ಟು, ಬಂದ ಹಣವನ್ನು ಮಾಳಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು ಎಂದಳು. ಸೋದರರು ಒಪ್ಪಿದರು. ಹಿರಿಯವನು ಭಾನುವಾರದ ಲೆಕ್ಕ ಬರೆಯುತ್ತಿದ್ದ ಪುಸ್ತಕದಲ್ಲಿ ಅದನ್ನು ಬರೆದ. ಇಬ್ಬರೂ ರುಜು ಹಾಕಿದರು. ಸೂರ್ಯಚಂದ್ರರ ಸಾಕ್ಷಿಯಿಲ್ಲ, ಶಾಪಾಶಯವಿಲ್ಲ. ಉಳಿದಂತೆ ಅದೊಂದು ದತ್ತಿಶಾಸನವೇ.

ಆ ವರ್ಷದ ಮೊದಲ ದೊಡ್ಡ ಮಳೆ ಶನಿವಾರ ರಾತ್ರಿ ಬಂತು. ಮರುದಿನ ಹಿರಿಯವನು ಬಾಗಿಲು ತೆರೆದಾಗ ನಡುಮನೆ ಒಣಗಿತ್ತು. ಪಡಸಾಲೆಯಲ್ಲಿ ಮಾತ್ರ ಒಂದು ಕಡೆ ನೆಲ ಅಂಗೈಯಗಲ ನೆನೆದಿತ್ತು. ಅವನು ಒಲೆಯಿಂದ ಇದ್ದಿಲ ಚೂರೊಂದನ್ನು ತಂದು ಒದ್ದೆಯ ಸುತ್ತ ಗೆರೆ ಎಳೆದ. ನೇರ ಮೇಲೆ ಯಾವ ಜಂತೆಯೆಂದು ಎಣಿಸಿ ಪುಸ್ತಕದಲ್ಲಿ ಗುರುತು ಹಾಕಿ, ಚೌಳಿನ ಬುಟ್ಟಿಯನ್ನು ಏಣಿಯ ಬುಡಕ್ಕೆ ತಂದಿಟ್ಟ. ಮಾಳಿಗೆ ಆರುವವರೆಗೆ ಮೇಲೆ ಕಾಲಿಡುವಂತಿರಲಿಲ್ಲ. ಆ ಕೆಲಸ ಮುಂದಿನ ಭಾನುವಾರದ್ದು.