ಹೊರಾಂವಗ ಎಷ್ಟ ಕೊಡ್ತಾರ?

ನನ್ನ ಎಕ್ಸೆಲ್ ಶೀಟಿನಲ್ಲಿ ಹದಿನೇಳು ಕಾಲಮ್‌ಗಳಿದ್ದವು. ದಿನ, ಊರು, ಎತ್ತರ, ನಡೆಯುವ ಗಂಟೆ, ಬಿಸಿನೀರು ಸಿಗುತ್ತೋ ಇಲ್ಲವೋ, ವೈಫೈ ಇದೆಯೋ ಇಲ್ಲವೋ, ಹೀಗೆ. ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ ಐನೂರು ಮೀಟರ್‌ಗೂ ಹೆಚ್ಚು ಮೇಲೆ ಮಲಗುವ ಪ್ಲ್ಯಾನ್ ಇದ್ದರೆ ಆ ಸಾಲು ತಾನಾಗಿಯೇ ಕೆಂಪಾಗುವಂತೆ ಫಾರ್ಮುಲಾ ಹಾಕಿದ್ದೆ. ಆಫೀಸಿನ ಒಂದು ಪ್ರಾಜೆಕ್ಟನ್ನೂ ನಾನು ಇಷ್ಟು ಚೆಂದ ಪ್ಲ್ಯಾನ್ ಮಾಡಿದವನಲ್ಲ. ನಮ್ಮ ಮ್ಯಾನೇಜರ್ ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.

ಹೊರಟಿರುವುದು ನೇಪಾಳದ ಅನ್ನಪೂರ್ಣ ಸರ್ಕ್ಯೂಟ್‌ಗೆ. ನಾವು ಮೂವರು ಕಾಲೇಜು ಗೆಳೆಯರು, ಮೂವರೂ ಬಿಇ, ಮೂವರೂ ಬೆಂಗಳೂರಿನಲ್ಲಿ ಕುರ್ಚಿ ಸವೆಸುತ್ತಿರುವವರು. ಮರ್ಸ್ಯಾಂಗ್ದಿ ನದಿ ಹಿಡಿದು ಮೇಲೆ ಹೋಗಿ, ಮನಾಂಗ್ ದಾಟಿ, 5,416 ಮೀಟರ್ ಎತ್ತರದ ಥೊರಾಂಗ್ ಲಾ ಪಾಸ್ ಹತ್ತಿ, ಆಚೆ ಬದಿ ಮುಕ್ತಿನಾಥಕ್ಕೆ ಇಳಿಯುವುದು. ಹೋಗಿ ಬರುವುದೆಲ್ಲ ಸೇರಿ 16 ದಿನ. ಎತ್ತರ ಅಂದಾಜಾಗಬೇಕಾದರೆ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು, ಅದರ ನೆತ್ತಿಯ ಮೇಲೆ ನಂದಿಬೆಟ್ಟ ಕೂರಿಸಿ. ಆದರೂ ಒಂದಿಷ್ಟು ಮೀಟರ್ ಕಮ್ಮಿ ಬೀಳುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಹೆಚ್ಚುಕಮ್ಮಿ ಅರ್ಧ.

ಅವ್ವನಿಗೆ ಇದರಲ್ಲಿ ಅರ್ಥವಾಗಿದ್ದು ಮುಕ್ತಿನಾಥ ಮಾತ್ರ. 108 ಧಾರೆಗಳ ಕೆಳಗೆ ಸ್ನಾನ ಮಾಡಬಹುದಂತೆ ಎಂದು ಯಾರೋ ಅವಳಿಗೆ ಹೇಳಿದ್ದಾರೆ. "ಅಲ್ಲೀತನಕಾ ಜೀಪ್ ಹೊಕ್ಕಾವಂತ. ಮತ್ತ ನೀ ಯಾಕ ನಡಕೋತ ಹೊಂಟಿ?" ಎಂದು ಕೇಳಿದಳು. ಜೀಪ್ ಹೋಗುವುದು ನಿಜ. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಯಾರಿ ಜೋರಾಗಿಯೇ ನಡೆದಿತ್ತು. ಬೆನ್ನಿಗೆ ನೀರಿನ ಬಾಟಲಿ ತುಂಬಿದ ಬ್ಯಾಗ್ ಹಾಕಿಕೊಂಡು ಅಪಾರ್ಟ್‌ಮೆಂಟಿನ ಹದಿನಾಲ್ಕು ಮಹಡಿ ದಿನಾ ನಾಲ್ಕು ಸಲ ಹತ್ತಿ ಇಳಿಯುತ್ತಿದ್ದೆ. "ಲಿಫ್ಟ್ ಸರಿ ಇದೆ ಸಾರ್" ಎಂದು ಸೆಕ್ಯುರಿಟಿಯವರು ಮೂರು ದಿನ ನೆನಪಿಸಿ ಆಮೇಲೆ ಕೈಬಿಟ್ಟರು. ಡೈಮಾಕ್ಸ್ ಮಾತ್ರೆ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿಯಾಯಿತು, ಹೆಲಿಕಾಪ್ಟರ್ ಖರ್ಚೂ ಸೇರುವ ಇನ್ಶೂರೆನ್ಸ್ ಹುಡುಕಿಯಾಯಿತು. ಇನ್ನು ಗೈಡ್. ವಿದೇಶಿ ಚಾರಣಿಗರು ಲೈಸೆನ್ಸ್ ಇರುವ ಗೈಡ್ ಇಲ್ಲದೆ ಹೋಗುವಂತಿಲ್ಲ ಎಂದು ನೇಪಾಳ 2023ರ ಏಪ್ರಿಲ್‌ನಿಂದ ನಿಯಮ ಮಾಡಿದೆ. ಕಾಠ್ಮಂಡುವಿನ ಎರಡು ಕಂಪನಿಗಳಿಂದ ಕೊಟೇಶನ್ ತರಿಸಿದೆವು. ಒಂದರಲ್ಲಿ ಮೂವರಿಗೆ ಸೇರಿ ಒಬ್ಬ ಗೈಡ್, ಒಬ್ಬ ಪೋರ್ಟರ್. ಇನ್ನೊಂದರಲ್ಲಿ ಇಬ್ಬರು ಪೋರ್ಟರ್, ತಲೆಗೆ ಒಂಬತ್ತು ಸಾವಿರ ಜಾಸ್ತಿ. ಎರಡು ನಿಮಿಷವೂ ಯೋಚನೆ ಮಾಡದೆ ಮೊದಲನೆಯದಕ್ಕೆ ಹೂಂ ಅಂದೆವು. ಹದಿನೇಳು ಕಾಲಮ್ಮಿನ ಶೀಟಿನಲ್ಲಿ ಪೋರ್ಟರ್‌ಗೆ ಇದ್ದದ್ದು ಒಂದು ಸಾಲು: "ಪೋರ್ಟರ್, 1, ಪ್ಯಾಕೇಜಿನಲ್ಲಿ ಸೇರಿದೆ."

ಅಪ್ಪ ಕಣ್ಣಿನ ಪೊರೆ ಆಪರೇಶನ್‌ಗೆ ಬಂದು ನಮ್ಮ ಮನೆಯಲ್ಲೇ ಉಳಿದಿದ್ದ. ಒಂದು ಸಂಜೆ ನಾನು ಟೀವಿಯಲ್ಲಿ ಸರ್ಕ್ಯೂಟಿನ ವಿಡಿಯೋ ಹಾಕಿಕೊಂಡು ನೋಟ್ಸ್ ಮಾಡುತ್ತಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದವನು ಒಮ್ಮೆಲೇ, "ಏ, ಹಿಂದ ಹಾಕು ಅದನ್ನ" ಅಂದ. ಹಾಕಿದೆ. ಬೆಟ್ಟ, ತೂಗುಸೇತುವೆ, ನಗುವ ವಿದೇಶಿಯರು, ಅವರ ಹಿಂದೆ ಒಬ್ಬ ಹುಡುಗ. ನಾಲ್ಕು ಸೆಕೆಂಡು ಅಷ್ಟೆ. ಎರಡು ದೊಡ್ಡ ಬ್ಯಾಗುಗಳನ್ನು ಹಗ್ಗದಲ್ಲಿ ಬಿಗಿದು, ಆ ಹಗ್ಗದ ಪಟ್ಟಿಯನ್ನು ಹಣೆಗೆ ಕೊಟ್ಟು, ನೆಲ ನೋಡುತ್ತ ಹೋಗುತ್ತಿದ್ದ. ಆ ಪಟ್ಟಿಗೆ ನಾಮ್ಲೋ ಅನ್ನುತ್ತಾರೆ.

"ಹಣಿ ಮ್ಯಾಲ ಹೊರತಾನಲ್ಲೋ" ಎಂದು ಅಪ್ಪ ಮುಂದಕ್ಕೆ ಬಾಗಿದ. "ಕುತಗಿ ಸರಳ ಇಟ್ಟಾನ, ನೋಡು. ಹೊರಳಿ ನೋಡಾಕ ಬರಂಗಿಲ್ಲ ಅವಂಗ."

ನಮ್ಮಪ್ಪ ಇಪ್ಪತ್ತೆಂಟು ವರ್ಷ ಹಮಾಲಿ ಮಾಡಿದವನು. ಸೊಂಟಕ್ಕೆ ಕಬ್ಬಿಣದ ಕೊಕ್ಕೆ ಸಿಗಿಸಿಕೊಂಡು ಬೆಳಿಗ್ಗೆ ಸೈಕಲ್ ಹತ್ತಿ ಮಾರ್ಕೆಟ್ಟಿಗೆ ಹೋದರೆ ರಾತ್ರಿ ಮೆಣಸಿನಕಾಯಿ ಘಾಟು ಹೊತ್ತು ಬರುತ್ತಿದ್ದ. ಅವನು ಬಾಗಿಲಿಗೆ ಬಂದರೆ ನಾವೆಲ್ಲ ಸೀನುತ್ತಿದ್ದೆವು. ಆಫೀಸಿನಲ್ಲಿ ಯಾರಾದರೂ ಕೇಳಿದರೆ "ಫಾದರ್ ಮಾರ್ಕೆಟ್‌ನಲ್ಲಿ ಇದ್ದರು" ಅನ್ನುತ್ತೇನೆ. ವ್ಯಾಪಾರ ಅಂದುಕೊಳ್ಳುತ್ತಾರೆ, ನಾನು ತಿದ್ದುವುದಿಲ್ಲ.

"ಹೊರಾಂವಗ ಎಷ್ಟ ಕೊಡ್ತಾರ?"

ಗೊತ್ತಿಲ್ಲ ಅಂದೆ.

"ಊಟ ಯಾರದು?"

ಗೊತ್ತಿಲ್ಲ.

"ರಾತ್ರಿ ಎಲ್ಲಿ ಮಕ್ಕೊಂತಾನ? ಹಚ್ಚಡ ಯಾರ ಕೊಡ್ತಾರ? ಕಾಲಾಗ ಏನ ಹಾಕ್ಯಾನ? ಬಿದ್ರ?"

ನಾನು ಸುಮ್ಮನೆ ಇದ್ದೆ. ಅಪ್ಪ ಲ್ಯಾಪ್‌ಟಾಪ್ ಕಡೆ ನೋಡಿದ. "ಮತ್ತ ನೀ ಒಂದ ತಿಂಗಳದಿಂದ ಏನ್ ಬರಕೋತ ಕುಂತಿ?"

ಆ ರಾತ್ರಿ ಮೊದಲ ಸಲ ಪೋರ್ಟರ್‌ಗಳ ಬಗ್ಗೆ ಓದಿದೆ. ನಾನು ತಿಳಿದುಕೊಂಡಿದ್ದು, ಇವರೆಲ್ಲ ಶೆರ್ಪಾಗಳು, ಹಿಮದಲ್ಲೇ ಹುಟ್ಟಿದವರು, ಎತ್ತರ ಇವರಿಗೇನೂ ಮಾಡದು ಅಂತ. ಹಾಗೇನಿಲ್ಲ. ಎಷ್ಟೋ ಜನ ಕೆಳಗಿನ ಗುಡ್ಡದ ಹಳ್ಳಿಗಳಿಂದ, ಗದ್ದೆ ಕೆಲಸ ಮುಗಿಸಿ ಬಂದವರು. ಎತ್ತರದ ಕಾಯಿಲೆ ನಮಗೆ ಬರುವ ಹಾಗೇ ಅವರಿಗೂ ಬರುತ್ತದೆ. 1997ರಲ್ಲಿ ನೇಪಾಳದಲ್ಲಿ ಒಬ್ಬ ಹರೆಯದ ಪೋರ್ಟರ್‌ಗೆ ಹಾಗೇ ಆಯಿತು. ಕೂಲಿ ಲೆಕ್ಕ ಚುಕ್ತಾ ಮಾಡಿ ಒಬ್ಬನನ್ನೇ ಕೆಳಗೆ ಕಳಿಸಿಬಿಟ್ಟರು. ಸುಮಾರು ಮೂವತ್ತು ಗಂಟೆಯಲ್ಲಿ ತೀರಿಕೊಂಡ. ಪೋರ್ಟರ್‌ಗಳ ಪರವಾಗಿ ದನಿ ಎತ್ತುವ ಐಪಿಪಿಜಿ ಎಂಬ ಸಂಸ್ಥೆ ಹುಟ್ಟಿದ್ದೇ ಆ ಸಾವಿನಿಂದ. ಅವರು ಕೇಳುವುದು ಏನು ಗೊತ್ತೇ? ಬೆಚ್ಚನೆಯ ಬಟ್ಟೆ, ಮಲಗಲು ಜಾಗ, ಊಟ, ಹೊರೆಗೆ ಮಿತಿ, ಹುಷಾರಿಲ್ಲದಿದ್ದರೆ ಚಿಕಿತ್ಸೆ. ಸೋಫಾ ಮೇಲೆ ಕೂತು ಅಪ್ಪ ಕೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದರು.

ನಾವು ಹೋಗುವ ದಾರಿಯಲ್ಲೇ 2014ರ ಅಕ್ಟೋಬರ್‌ನಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ. ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತದ ಬಾಲ ಎರಡು ದಿನದಲ್ಲಿ ಥೊರಾಂಗ್ ಲಾ ಮುಟ್ಟಿ ಹಿಮವಾಗಿ ಸುರಿಯಿತು. ಸತ್ತವರಲ್ಲಿ ಚಾರಣಿಗರಿದ್ದರು, ಗೈಡ್‌ಗಳಿದ್ದರು, ಪೋರ್ಟರ್‌ಗಳೂ ಇದ್ದರು. ನಾವೂ ಅಕ್ಟೋಬರಿನಲ್ಲೇ ಹೋಗುತ್ತಿರುವುದು. ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ತಿಂಗಳು ಅಂತಲೇ ಆರಿಸಿದ್ದು.

ಮರುದಿನ ನಾವು ಒಪ್ಪಿದ್ದ ಕಂಪನಿಗೆ ಫೋನ್ ಮಾಡಿದೆ. ಮೂರು ಬ್ಯಾಗ್ ಅಂದರೆ ನಲವತ್ತು ಕಿಲೋ ಹತ್ತಿರ ಆಗುತ್ತಲ್ಲ, ಒಬ್ಬನೇ ಹೊರುತ್ತಾನಾ, ಅವನಿಗೆ ಇನ್ಶೂರೆನ್ಸ್ ಇದೆಯಾ ಎಂದು ಹಿಂದಿಯಲ್ಲಿ ಕೇಳಿದೆ. "ಟೆನ್ಷನ್ ಮತ್ ಲೋ ಸರ್, ಉನ್ಕೋ ಆದತ್ ಹೈ" ಎಂದು ಆ ಕಡೆಯವರು ನಕ್ಕರು.

ಆ ಮಾತು ನಾನು ಮೊದಲೇ ಕೇಳಿದ್ದೆ. ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಬುತ್ತಿ ಕೊಡಲು ಹೋಗಿ, ಕ್ವಿಂಟಲ್ ಚೀಲದ ಕೆಳಗೆ ಅವನ ಮೊಣಕಾಲು ನಡುಗುವುದನ್ನು ನೋಡಿ ನಿಂತುಬಿಟ್ಟಿದ್ದೆ. ಅಂಗಡಿ ಸಾಹುಕಾರರು ನನ್ನ ಮುಖ ನೋಡಿ ಹೇಳಿದ್ದರು, "ಅಂಜಬ್ಯಾಡಪ್ಪಾ, ಅವಂಗ ರೂಢಿ ಐತಿ." ಮರುವರ್ಷ ಲಾರಿಯ ಹಲಗೆ ಜಾರಿ ಅಪ್ಪ ಬಿದ್ದ. ಮೂರು ತಿಂಗಳು ಮಲಗಿದ. ಸಾಹುಕಾರರ ಮನೆಯಿಂದ ಒಂದು ಚೀಲ ಜೋಳ, ಇನ್ನೂರು ರೂಪಾಯಿ ಬಂತು.

ಗೆಳೆಯರ ಜೊತೆ ದೊಡ್ಡ ವಾದವೇ ಆಯಿತು. ಒಬ್ಬ, "ನಾವು ತಲೆ ಕೆಡಿಸಿಕೊಂಡರೆ ಸಿಸ್ಟಮ್ ಬದಲಾಗುತ್ತಾ?" ಅಂದ. ನನಗೂ ಹಟ ಬಂತು. ಪೋರ್ಟರೇ ಬೇಡ, ನಮ್ಮ ಬ್ಯಾಗ್ ನಾವೇ ಹೊರೋಣ ಅಂದೆ. ಹಮಾಲನ ಮಗ ತಾನೇ ನಾನು. ಮನೆಗೆ ಬಂದು ಇದನ್ನು ಅಪ್ಪನಿಗೆ ಹೇಳಿದರೆ ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಬೈದ.

"ಅವನ ಹೊಟ್ಟಿ ಮ್ಯಾಲ ಯಾಕ ಹೊಡೀತಿ? ನಿನ್ನಂಥಾವ ಒಬ್ಬ ಬಂದು, ಪಾಪ ಅಂತ ತಿಳಕೊಂಡು ತನ್ನ ಚೀಲ ತಾನ ಹೊತ್ಕೊಂಡು ಹೋಗಿದ್ರ ನೀ ಬಿಇ ಮಾಡತಿದ್ದೇನು? ಹೊರಸು. ಲೆಕ್ಕ ಹಾಕಿ ಹೊರಸು."

ಹಾಗಾಗಿ ಎರಡನೇ ಕಂಪನಿ. ಇಬ್ಬರು ಪೋರ್ಟರ್, ಒಬ್ಬೊಬ್ಬರಿಗೆ ನಮ್ಮ ಸಾಮಾನು 18 ಕಿಲೋ ಮೀರಬಾರದು, ಅಂದರೆ ನಮ್ಮ ಒಂದೊಂದು ಬ್ಯಾಗ್ 12 ಕಿಲೋ. ಇನ್ಶೂರೆನ್ಸ್ ಕಾಗದದ ಕಾಪಿ ಕೇಳಿದೆ, ಕಳಿಸಿದರು. ಜಾಕೆಟ್, ಶೂ, ಕೈಗವಸು ಕಂಪನಿಯದೇ. ಒಂಬತ್ತು ಸಾವಿರಕ್ಕೆ ಗೊಣಗಿದ ಗೆಳೆಯ, ಅದು ತನ್ನ ಎರಡು ಶನಿವಾರದ ಬಿಲ್ ಎಂದು ತಾನೇ ಲೆಕ್ಕ ಹಾಕಿ ಸುಮ್ಮನಾದ. 3,540 ಮೀಟರ್‌ನ ಮನಾಂಗ್‌ನಲ್ಲಿ ಒಂದಿದ್ದ ವಿಶ್ರಾಂತಿಯ ದಿನವನ್ನು ಎರಡು ಮಾಡಿದೆವು. ಸೀಸನ್ನಿನಲ್ಲಿ ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಕ್ಲಿನಿಕ್ ಇರುತ್ತದೆ, ಎತ್ತರದ ಕಾಯಿಲೆ ಬಗ್ಗೆ ಡಾಕ್ಟರುಗಳು ತಿಳಿಸಿ ಹೇಳುತ್ತಾರೆ. ಐದೂ ಜನ, ಗೈಡ್ ಸೇರಿದರೆ ಆರು, ಅಲ್ಲಿ ಕೂರಬೇಕು ಎಂದು ಬರೆದಿಟ್ಟಿದ್ದೇನೆ. ಶೀಟಿಗೆ ಹದಿನೆಂಟನೇ ಕಾಲಮ್ ಬಂದಿದೆ: ಸಂಜೆ ಕೇಳಬೇಕಾದ್ದು, ತಲೆನೋವು ಯಾರಿಗೆ, ಊಟ ಬಿಟ್ಟವರು ಯಾರು. ಆರು ಜನಕ್ಕೂ.

ನಿನ್ನೆ ಬ್ಯಾಗ್ ತುಂಬಿದೆ. ಆಪರೇಶನ್ ಆದಮೇಲೆ ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿರುವುದರಿಂದ ಅವ್ವ ಅಪ್ಪನ ಮೇಲೊಂದು ಕಣ್ಣಿಟ್ಟಿದ್ದಳು. ಅವನು ಎತ್ತಲಿಲ್ಲ. ಕೂತಲ್ಲಿಂದಲೇ ಬ್ಯಾಗನ್ನು ಅಂಗಾಲಿನಿಂದ ಒಂದಿಷ್ಟು ದೂಡಿ, "ಹದಿನಾಕು" ಅಂದ. ತೂಕದ ಯಂತ್ರಕ್ಕಿಟ್ಟೆ. 13.8.

ಜಿಪ್ ಎಳೆದು ಒಂದೊಂದೇ ತೆಗೆಯತೊಡಗಿದ. ಎರಡನೇ ಜೀನ್ಸ್ ಸೋಫಾ ಮೇಲೆ ಬಿತ್ತು. ಕ್ಯಾಮೆರಾ ಸ್ಟ್ಯಾಂಡ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಇದೇನಿದು?"

ಹೇಳಿದೆ.

"ಇದನ್ನ ನೀ ಹೊತ್ಕೋ" ಅಂದು ಪಕ್ಕಕ್ಕಿಟ್ಟ.