ಸ್ಕಾಟ್ಲೆಂಡಿನ ಗುಡ್ಡದಲ್ಲಿ ಒಂದು ಬಂದೂಕಿನ ಆಯ್ಕೆ

ಮಗಳನ್ನೂ ಅಳಿಯಂದಿರನ್ನೂ ನೋಡಿಬರಲೆಂದು 2024ರ ಅಕ್ಟೋಬರಿನಲ್ಲಿ ನಾನು ಮುಂಬಯಿಯಿಂದ ಸ್ಕಾಟ್ಲೆಂಡಿಗೆ ಹೋಗಿದ್ದೆನು. ಆ ದೇಶಕ್ಕೆ ಹೋಗಿಬಂದವರು ಎಡಿನ್‌ಬರೋ ಕೋಟೆಯನ್ನೋ ಅಲ್ಲಿನ ಸರೋವರಗಳನ್ನೋ ವರ್ಣಿಸುವುದು ವಾಡಿಕೆ. ನಾನು ಬರೆಯಹೊರಟಿರುವುದು ಬಂದೂಕಿನ ವಿಚಾರ. ನನ್ನನ್ನು ಬಲ್ಲ ಸಂಘದ ಮಿತ್ರರು ಇದನ್ನು ಓದಿ ನಗುವುದು ಖಂಡಿತ. ಜಿರಲೆ ಕಂಡರೆ ಮನೆಯವಳನ್ನು ಕೂಗುವ ಮನುಷ್ಯನಿಗೆ ಬಂದೂಕೇ? ಆದರೂ ಆ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಅದೊಂದೇ.

ಅಳಿಯಂದಿರು ಕೊಡಗಿನವರು, ಇನ್ವರ್ನೆಸ್ ಪಟ್ಟಣದಲ್ಲಿ ವೈದ್ಯರು. ಮನೆ ಮಾತ್ರ ಸ್ಪೇ ನದಿಯ ಕಣಿವೆಯ ಒಂದು ಹಳ್ಳಿಯಲ್ಲಿ. ಪಕ್ಕದ ಜಮೀನಿನ ಒಡೆಯರು ಕುರಿ ಸಾಕುವ ಹಿರಿಯ ರೈತರು. ಅವರಿಗೆ ಎರಡು ಕಷ್ಟಗಳು. ಇಳಿಜಾರಿನಲ್ಲಿ ನೆಟ್ಟ ಬರ್ಚ್ ಮತ್ತು ಪೈನ್ ಸಸಿಗಳ ಚಿಗುರನ್ನು ಜಿಂಕೆಗಳು ಬಿಡುವುದಿಲ್ಲ; ಏಪ್ರಿಲಿನಲ್ಲಿ ಕುರಿ ಈದಾಗ ಎಳೆಮರಿಗಳನ್ನು ನರಿ ಬಿಡುವುದಿಲ್ಲ. ಕಣ್ಣು ಮಂದವಾದ ಆ ಮುದುಕರು ಅಳಿಯಂದಿರನ್ನು ಕರೆದು, “ಡಾಕ್ಟರೇ, ಈ ಕೆಲಸ ನೀವು ವಹಿಸಿಕೊಳ್ಳಿ” ಎಂದಿದ್ದರು. ಇವರು ಒಪ್ಪಿ ಪೋಲೀಸರ ಪರವಾನಗಿಗೆ ಅರ್ಜಿ ತರಿಸಿಕೊಂಡಿದ್ದರು. ಅರ್ಜಿಯ ಒಂದು ಕಲಮು ಮಾತ್ರ ಖಾಲಿ ಉಳಿದಿತ್ತು: ಬಂದೂಕಿನ ಕ್ಯಾಲಿಬರ್ ಯಾವುದು?

“ಮಾವ, ನಾಳೆ ಬಂದೂಕಿನ ಅಂಗಡಿಗೆ ಹೋಗೋಣ, ನೀವೂ ಬನ್ನಿ. ನಿಮ್ಮ ಮನೆಯಲ್ಲೂ ಕೋವಿ ಇತ್ತಂತಲ್ಲ?” ಎಂದರು ಅಳಿಯಂದಿರು.

“ಇತ್ತು” ಎಂದಷ್ಟೇ ಹೇಳಿ ಸುಮ್ಮನಾದೆನು.

ಇಲ್ಲಿ ಆ ನಾಡಿನ ಸ್ವರೂಪವನ್ನು ಸ್ವಲ್ಪ ಹೇಳಬೇಕು. ದಕ್ಷಿಣದಿಂದ ಇನ್ವರ್ನೆಸ್ಸಿಗೆ ಹೋಗುವ ರೈಲು ಡ್ರಮಾಕ್ಟರ್ ಕಣಿವೆಯಲ್ಲಿ 1484 ಅಡಿ ಎತ್ತರಕ್ಕೆ ಏರುತ್ತದೆ. ಎರಡು ಕಡೆಯೂ ಗುಡ್ಡಗಳು, ಗುಡ್ಡಗಳ ಮೇಲೆ ಹೆದರ್ ಎಂಬ ಕುರುಚಲು ಗಿಡ. ಮಲೆನಾಡಿನಲ್ಲಿ ಹುಟ್ಟಿದ ನನ್ನ ಕಣ್ಣು ಮರಗಳನ್ನು ಹುಡುಕಿ ಸೋತಿತು. ಕಿಟಕಿಯಿಂದ ನೋಡಿದರೆ ಹಳ್ಳದ ದಂಡೆಯಲ್ಲಿ ಇಪ್ಪತ್ತು ಮೂವತ್ತು ಜಿಂಕೆಗಳು ಹಸುಗಳಂತೆ ಮೇಯುತ್ತಿದ್ದವು. “ಎಷ್ಟು ಚೆಂದ!” ಎಂದೆನು. ಮಗಳು, “ಅಪ್ಪ, ಮರವಿಲ್ಲದ್ದಕ್ಕೂ ಈ ಚೆಂದಕ್ಕೂ ಸಂಬಂಧವಿದೆ” ಎಂದಳು.

ಸಂಬಂಧ ಇರುವುದು ನಿಜ. ಹಿಂದಿನವರು ಮರ ಕಡಿದರು, ಕುರಿ ಮೇಯಿಸಿದರು. ಜಿಂಕೆಯನ್ನು ಹಿಡಿತದಲ್ಲಿಡುತ್ತಿದ್ದ ತೋಳ ಹದಿನೆಂಟನೆಯ ಶತಮಾನ ಮುಗಿಯುವುದರೊಳಗೆ ಅಲ್ಲಿ ನಿರ್ನಾಮವಾಯಿತು. ಈಗ ಸ್ಕಾಟ್ಲೆಂಡಿನಲ್ಲಿ ಹತ್ತು ಲಕ್ಷದವರೆಗೂ ಜಿಂಕೆಗಳಿರಬಹುದೆಂದು ಅಂದಾಜು. ಹುಟ್ಟಿದ ಸಸಿ ಮೊಣಕಾಲೆತ್ತರ ಬೆಳೆಯುವ ಮೊದಲೇ ಅದರ ಬಾಯಿಗೆ ಹೋಗುತ್ತದೆ. ಆದ್ದರಿಂದ ತೋಳ ಮಾಡುತ್ತಿದ್ದ ಕೆಲಸ ಮನುಷ್ಯನ ಪಾಲಿಗೆ ಬಂದಿದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿತು. ಅಲ್ಲಿ ಜಿಂಕೆ ಕೊಲ್ಲದ ಜಮೀನುದಾರನನ್ನೇ ಸರಕಾರ ಯಾಕೆಂದು ಕೇಳುತ್ತದೆ. ಕೆಂಪು ಕೋಟು ತೊಟ್ಟು ಕುದುರೆ ಏರಿ ನಾಯಿಗಳ ಹಿಂಡಿನೊಡನೆ ನರಿಯನ್ನು ಅಟ್ಟಿಸುವ ಚಿತ್ರಗಳನ್ನು ವಾಚಕರು ನೋಡಿರಬಹುದು. ಆ ವಿನೋದವನ್ನು ಸ್ಕಾಟ್ಲೆಂಡಿನಲ್ಲಿ 2002ರ, ಇಂಗ್ಲೆಂಡಿನಲ್ಲಿ 2004ರ ಕಾಯಿದೆ ನಿಷೇಧಿಸಿತು. ಈಗ ಉಳಿದಿರುವುದು ರಾತ್ರಿಯಲ್ಲಿ ಕಾದು ಕೂತು ಗುಂಡು ಹಾಕುವ ನೀರಸ ಕೆಲಸ. ಈ ನರಿ ನಮ್ಮೂರಿನ ಗದ್ದೆಯಂಚಿನಲ್ಲಿ ಊಳಿಡುವ ಗುಳ್ಳೆನರಿಯಲ್ಲ. ಕೆಂಪು ಕೂದಲಿನ, ಪೊದೆಬಾಲದ, ಐದಾರು ಕಿಲೋ ತೂಗುವ ಪ್ರಾಣಿ.

ಮರುದಿನ ಅಂಗಡಿಗೆ ಹೋದೆವು. ಗೋಡೆಯುದ್ದಕ್ಕೂ ಬಂದೂಕುಗಳು. ಅಂಗಡಿಯವರು ಸಾವಧಾನದ ಮನುಷ್ಯರು. ಮೇಷ್ಟರಂತೆ ಕಾಗದ ಪೆನ್ಸಿಲು ತೆಗೆದು ಕೂತರು. ಕ್ಯಾಲಿಬರ್ ಎಂದರೆ ಸ್ಥೂಲವಾಗಿ ಗುಂಡಿನ ಅಡ್ಡಳತೆ, ಅಂಗುಲದ ಲೆಕ್ಕದಲ್ಲಿ. .243 ಎಂದರೆ ಕಾಲು ಅಂಗುಲಕ್ಕಿಂತ ಕೂದಲೆಳೆಯಷ್ಟು ಕಡಮೆ. ಗುಂಡಿನ ತೂಕ ಗ್ರೈನಿನಲ್ಲಿ. ಇದನ್ನು ಕೇಳಿ ನನಗೆ ಹಳೆಯ ನೆಂಟರು ಸಿಕ್ಕಂತಾಯಿತು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 180 ಗ್ರೈನ್ ತೂಗುತ್ತಿತ್ತು. ಅದೇ ನಮ್ಮ ತೊಲ. ಹಾಗಾದರೆ 100 ಗ್ರೈನಿನ ಗುಂಡು ಅರ್ಧ ತೊಲಕ್ಕಿಂತ ತುಸು ಹೆಚ್ಚು. ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗುವಷ್ಟು ಲೋಹ ನೂರು ಕಿಲೋ ದಾಟುವ ಹೋತಜಿಂಕೆಯನ್ನು ಬೀಳಿಸುತ್ತದೆ!

ಕಾನೂನು ಹೀಗಿದೆ. ಸ್ಕಾಟ್ಲೆಂಡಿನ 1985ರ ಆಜ್ಞೆಯ ಪ್ರಕಾರ ದೊಡ್ಡ ಕೆಂಪು ಜಿಂಕೆಗೆ ಹಾರಿಸುವ ಗುಂಡು 100 ಗ್ರೈನಿಗೆ ಕಡಮೆ ಇರಬಾರದಾಗಿತ್ತು. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ 2450 ಅಡಿ, ಶಕ್ತಿ 1750 ಫುಟ್‌ಪೌಂಡ್ ಇರಬೇಕು. ಒಂದು ಪೌಂಡು ತೂಕವನ್ನು ಒಂದಡಿ ಎತ್ತುವ ಶಕ್ತಿಯೇ ಒಂದು ಫುಟ್‌ಪೌಂಡ್. ಸೀಸದ ಬದಲು ತಾಮ್ರದ ಗುಂಡು ಬಳಕೆಗೆ ಬಂದುದರಿಂದ, ತಾಮ್ರ ಹಗುರವಾದ ಕಾರಣ, 2023ರಲ್ಲಿ ಆ 100 ಗ್ರೈನನ್ನು 80ಕ್ಕೆ ಇಳಿಸಿದರು. ನಮ್ಮ ಕಾಡುಕುರಿಯ ಗಾತ್ರದ ರೋ ಎಂಬ ಚಿಕ್ಕ ಜಿಂಕೆಗೆ 50 ಗ್ರೈನ್, 1000 ಫುಟ್‌ಪೌಂಡ್ ಸಾಕು. ಗುಂಡು ತಗುಲಿದ ಕೂಡಲೆ ಅರಳುವಂಥದಾಗಿರಬೇಕು. ಸೂಜಿಯಂತೆ ತೂರಿಹೋದರೆ ಪ್ರಾಣಿ ನರಳಿ ಸಾಯುತ್ತದೆ. ಗಡಿ ದಾಟಿ ಇಂಗ್ಲೆಂಡಿಗೆ ಹೋದರೆ ನಿಯಮ ಬೇರೆ: 1991ರ ಕಾಯಿದೆಯಂತೆ ರೋ ಜಿಂಕೆಗೂ .240ಕ್ಕೆ ಕಡಮೆಯಿಲ್ಲದ ಕ್ಯಾಲಿಬರ್, 1700 ಫುಟ್‌ಪೌಂಡ್ ಶಕ್ತಿ ಬೇಕು. ನರಿಗೆ ಮಾತ್ರ ಕಾನೂನಿನಲ್ಲಿ ಇಂಥ ಅಳತೆಯಿಲ್ಲ; ಆದರೆ ಯಾವ ಬಂದೂಕು, ಯಾತಕ್ಕೆ ಎಂದು ಪೋಲೀಸರಿಗೆ ಒಪ್ಪಿಗೆಯಾಗಬೇಕು. ಒಂದೊಂದು ಬಂದೂಕಿಗೂ ಬೇರೆ ಬೇರೆ ಕಾರಣ ಕೊಡಬೇಕು. ಎಷ್ಟು ತೋಟಾ ಇಟ್ಟುಕೊಳ್ಳಬಹುದೆಂಬುದನ್ನೂ ಪರವಾನಗಿಯಲ್ಲಿ ಬರೆಯುತ್ತಾರೆ.

ಅಂಗಡಿಯವರು ತೋಟಾಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಮೊದಲನೆಯದು .223. ಐವತ್ತೈದು ಗ್ರೈನಿನ ಗುಂಡು, 1280 ಫುಟ್‌ಪೌಂಡ್ ಆಸುಪಾಸು. ನರಿಗೆ ಹೇಳಿ ಮಾಡಿಸಿದಂತಿದೆ, ರೋ ಜಿಂಕೆಗೂ ಸ್ಕಾಟ್ಲೆಂಡಿನಲ್ಲಿ ಸಲ್ಲುತ್ತದೆ, ಕೆಂಪು ಜಿಂಕೆಗೆ ಸಲ್ಲದು. ಎರಡನೆಯದು .22-250. ವೇಗ ಸೆಕೆಂಡಿಗೆ 3600 ಅಡಿಗೂ ಮೇಲೆ. ಇನ್ನೂರು ಗಜದಾಚೆಯ ನರಿಗೂ ಗುರಿ ಎತ್ತಿ ಹಿಡಿಯಬೇಕಾಗಿಲ್ಲ. ಆದರೆ ಅದೂ ಕೆಂಪು ಜಿಂಕೆಗಲ್ಲ. ಇನ್ನೊಂದು ತುದಿಯಲ್ಲಿ .270 ಮತ್ತು .308, 2600 ಫುಟ್‌ಪೌಂಡಿಗೂ ಮಿಕ್ಕ ಶಕ್ತಿ, ಎಂಥ ಹೋತಕ್ಕೂ ಸಾಕು. ನಡುವೆ ನಿಂತದ್ದು .243. ವಿಂಚೆಸ್ಟರ್ ಕಂಪನಿಯವರು .308 ತೋಟಾದ ಕುತ್ತಿಗೆಯನ್ನು ಕಿರಿದು ಮಾಡಿ 1955ರಲ್ಲಿ ಇದನ್ನು ಹೊರತಂದರು. ನೂರು ಗ್ರೈನಿನ ಗುಂಡಿಟ್ಟರೆ 1900 ಫುಟ್‌ಪೌಂಡ್ ದಾಟುತ್ತದೆ, ಜಿಂಕೆಯ ಕಾನೂನು ಮುಗಿಯಿತು. 58 ಗ್ರೈನಿನ ಗುಂಡಿಟ್ಟರೆ ನರಿಗಾಯಿತು.

ನಾನು ಭಾರತದವನೆಂದು ತಿಳಿದು ಅವರು ಜಿಮ್ ಕಾರ್ಬೆಟ್ಟನ ಮಾತು ತೆಗೆದರು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕೆ 1907ರಲ್ಲಿ ಆತನಿಗೆ ಬಹುಮಾನವಾಗಿ ಬಂದದ್ದು .275 ರಿಗ್ಬಿ. ರುದ್ರಪ್ರಯಾಗದ ಚಿರತೆಯನ್ನು 1926ರಲ್ಲಿ ಆತ ಕೊಂದದ್ದು ಅದರಿಂದಲೇ. ಇಂದಿನ ಲೆಕ್ಕಕ್ಕೆ ಅದು ಜಿಂಕೆಯ ಬಂದೂಕು.

ಅಳಿಯಂದಿರ ಮನಸ್ಸು ಮಾತ್ರ .308ರ ಮೇಲೆ. ಕೈಲು ಮುಹೂರ್ತದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಮನೆಯಲ್ಲಿ ಬೆಳೆದವರು. ಕೈ ತುಂಬುವ ಬಂದೂಕೇ ಅವರಿಗೆ ಬಂದೂಕು. “ಶಕ್ತಿ ಹೆಚ್ಚಿದ್ದರೆ ತಪ್ಪಿಗೂ ಅವಕಾಶವಿರುತ್ತದೆ, ಅಲ್ಲವೇ ಮಾವ?” ಎಂದರು. ನನಗೆ ಉತ್ತರ ತಿಳಿಯಲಿಲ್ಲ. ಅಂಗಡಿಯವರು, “ಕೊಳ್ಳುವ ಮೊದಲು ಒಂದು ದಿನ ಗುಡ್ಡಕ್ಕೆ ಹೋಗಿಬನ್ನಿ” ಎಂದರು.

ಹೆಣ್ಣು ಜಿಂಕೆಯ ಕಾಲ ಅಕ್ಟೋಬರ್ 21ಕ್ಕೆ ಆರಂಭವಾಗುತ್ತದೆ. ಆ ವಾರದಲ್ಲೇ ಒಂದು ಬೆಳಗ್ಗೆ ನಾವಿಬ್ಬರೂ ಹೋದೆವು. ಕರೆದೊಯ್ದ ಹಿರಿಯ ಬೇಟೆಗಾರರು ನಲವತ್ತು ವರ್ಷ ಅದೇ ಗುಡ್ಡದಲ್ಲಿ ದುಡಿದವರು; ತಮ್ಮ ಎಸ್ಟೇಟಿನ ಎರಡು ಬಂದೂಕುಗಳನ್ನು ತಂದಿದ್ದರು. ಗುಡ್ಡ ಹತ್ತುವ ಮೊದಲು ನೂರು ಗಜದಲ್ಲಿ ಹಲಗೆ ನಿಲ್ಲಿಸಿ ಗುರಿ ನೋಡುವುದು ಅಲ್ಲಿಯ ಪದ್ಧತಿ. ಅಳಿಯಂದಿರು .308ರಿಂದ ಮೂರು ಗುಂಡು ಹಾರಿಸಿದರು. ಮೊದಲನೆಯದು ನಡುವಿಗೆ ಬಿತ್ತು. ಹೆಗಲಿಗೆ ಒದೆತ ಬಿದ್ದ ಮೇಲೆ ಉಳಿದೆರಡು ಕೈಯಗಲ ಆಚೆ ಹೋದವು. ಅನಂತರ .243 ಕೊಟ್ಟರು. ಮೂರೂ ಒಂದು ಬೆಳ್ಳಿ ರೂಪಾಯಿಯ ಅಗಲದಲ್ಲಿ ಕೂತವು. ಆಮೇಲೆ ಅದೇ ಬಂದೂಕಿಗೆ ನರಿಯ ಹಗುರ ಗುಂಡು ತುಂಬಿಸಿ ಹಾರಿಸಲು ಹೇಳಿದರು. ಅದು ಎರಡಂಗುಲ ಮೇಲೆ ಬಿತ್ತು!

“ನೋಡಿದಿರಾ?” ಎಂದರು ಹಿರಿಯರು. “ಒಂದು ಬಂದೂಕು ಎರಡು ಕೆಲಸ ಮಾಡುತ್ತದೆ, ಆದರೆ ಒಂದೇ ದಿನದಲ್ಲಿ ಅಲ್ಲ. ಗುಂಡು ಬದಲಾಯಿಸಿದರೆ ದುರ್ಬೀನಿನ ಗುರಿಯನ್ನು ಮತ್ತೆ ಹೊಂದಿಸಬೇಕು. ಅದು ಬೇಸರವೆನ್ನುವವರು ಎಲ್ಲಕ್ಕೂ ಒಂದೇ ತೋಟಾ ಇಟ್ಟುಕೊಳ್ಳಲಿ. ನರಿಯ ಗುಂಡು ಮೈಮೇಲೆಯೇ ಒಡೆದುಹೋಗುತ್ತದೆ. ಅದನ್ನು ಜಿಂಕೆಗೆ ಹಾಕುವುದು ಪಾಪ.”

ಮೂರು ಗಂಟೆ ಹತ್ತಿದೆವು. ಗಾಳಿ ಮುಖಕ್ಕೆ ಬರುವಂತೆ ಸುತ್ತಿ, ಕಡೆಯ ಇನ್ನೂರು ಗಜ ಒದ್ದೆ ನೆಲದಲ್ಲಿ ತೆವಳಿದೆವು. ನನ್ನ ವಯಸ್ಸಿಗೆ ಅದು ಶೋಭಿಸುವ ಕೆಲಸವಾಗಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಜಿಂಕೆ ಅಡ್ಡಲಾಗಿ ನಿಂತಿತ್ತು. ದೂರ ನೂರ ಇಪ್ಪತ್ತು ಗಜವಿದ್ದೀತು. ಅಳಿಯಂದಿರ ಬೆರಳು ಕೋವಿಯ ಕುದುರೆಯ ಹತ್ತಿರ ಹೋಯಿತು. ಹಿರಿಯರು ಅವರ ತೋಳು ಹಿಡಿದರು. ಜಿಂಕೆಯ ಹಿಂದೆ ಮಣ್ಣಿರಲಿಲ್ಲ, ಬರಿಯ ಆಕಾಶ. ತಪ್ಪಿದ ಗುಂಡು ಎರಡು ಮೈಲಿ ಹೋಗಬಲ್ಲುದು. ಆಚೆ ಕಣಿವೆಯಲ್ಲಿ ಯಾರಿರುವರೋ ಯಾರು ಬಲ್ಲರು? ಮುಕ್ಕಾಲು ಗಂಟೆ ಚಳಿಯಲ್ಲಿ ಕಾದೆವು. ಜಿಂಕೆ ಕೆಳಗಿಳಿದು ಇಳಿಜಾರಿನ ಮುಂದೆ ನಿಂತಿತು. ಒಂದೇ ಗುಂಡು. ನಾಲ್ಕು ಹೆಜ್ಜೆ ನಡೆದು ಬಿತ್ತು. ನಾವು ಹತ್ತಿರ ಹೋಗುವಷ್ಟರಲ್ಲಿ ಪ್ರಾಣ ಹೋಗಿತ್ತು.

ನಾನು ಬಂಡೆಯ ಮೇಲೆ ಕೂತುಬಿಟ್ಟೆನು. ಕಣ್ಣಲ್ಲಿ ನೀರು ಬಂದದ್ದು ನೋಡಿ ಅಳಿಯಂದಿರು ಗಾಬರಿಯಾದರು. ಆಗ ಅವರಿಗೆ ನಮ್ಮ ಮನೆಯ ಕೋವಿಯ ಕಥೆ ಹೇಳಿದೆನು.

1965ರ ಮಳೆಗಾಲ, ನನಗೆ ಹತ್ತು ವರ್ಷ. ಗದ್ದೆಗೆ ಹಂದಿ ಬರುತ್ತಿದ್ದುದರಿಂದ ತೀರ್ಥರೂಪರು ಜೋಡುನಳಿಗೆಯ ಕೋವಿ ಹಿಡಿದು ಮಾಳದಲ್ಲಿ ಕಾಯುತ್ತಿದ್ದರು. ಒಂದು ರಾತ್ರಿ ಬ್ಯಾಟರಿ ಬೆಳಕಿಗೆ ಎರಡು ಕಣ್ಣು ಹೊಳೆದವು. ಕೋವಿಯಲ್ಲಿದ್ದುದು ಹಕ್ಕಿ ಹೊಡೆಯುವ ಸಣ್ಣ ಚರೆ. “ಹೆದರಿ ಓಡಲಿ” ಎಂದು ಈಡು ಹೊಡೆದರು. ಅದು ಹಂದಿಯಲ್ಲ, ಕಡವೆ. ಬೆಳಗ್ಗೆ ಹುಲ್ಲಿನ ಮೇಲೆ ರಕ್ತವಿತ್ತು. ಮೂರು ದಿನ ಹುಡುಕಿದೆವು. ನಾಲ್ಕನೆಯ ದಿನ ಹಳ್ಳದ ಬುಡದಲ್ಲಿ ಸಿಕ್ಕಿತು, ಇನ್ನೂ ಜೀವವಿತ್ತು. ಆಮೇಲೆ ಆದುದನ್ನು ಬರೆಯಲಾರೆ. ಅಂದು ಗೋಡೆಗೆ ನೇತುಹಾಕಿದ ಕೋವಿಯನ್ನು ತೀರ್ಥರೂಪರು ಮತ್ತೆ ಮುಟ್ಟಲಿಲ್ಲ. ಅವರು ಕ್ರೂರಿಗಳಲ್ಲ. ಕೈಯಲ್ಲಿದ್ದ ಮದ್ದು ಎದುರಿನ ಪ್ರಾಣಿಗೆ ಸಾಲದಾಗಿತ್ತು, ಎದುರಿರುವುದೇನೆಂದು ಅವರು ನೋಡಿಯೂ ಇರಲಿಲ್ಲ. ಅಷ್ಟೇ ತಪ್ಪು.

ಅಳಿಯಂದಿರು ಬಹಳ ಹೊತ್ತು ಮಾತಾಡಲಿಲ್ಲ. ಇಳಿಯುವಾಗ ಹಿರಿಯರನ್ನು, “ಹಾಗಾದರೆ ನನಗೆ ಯಾವುದು?” ಎಂದು ಕೇಳಿದರು.

“ಕಾನೂನು ಕೇಳುವಷ್ಟು ಶಕ್ತಿ ಇರಲಿ. ಅದರ ಮೇಲೆ, ನಿಮಗೆ ಯಾವುದರ ಒದೆತದ ಹೆದರಿಕೆಯಿಲ್ಲವೋ ಅದು. ವರ್ಷವೆಲ್ಲ ದೊಡ್ಡ ಹೋತ ಹೊಡೆಯುವವನಾದರೆ .308 ಎನ್ನುತ್ತಿದ್ದೆ. ನಿಮಗೆ ರೋ, ನರಿ, ವರ್ಷಕ್ಕೊಂದು ಕೆಂಪು ಜಿಂಕೆ. ತಪ್ಪನ್ನು ತುಂಬಿಕೊಡುವ ಕ್ಯಾಲಿಬರನ್ನು ಯಾರೂ ಇನ್ನೂ ಮಾಡಿಲ್ಲ.”

ಆ ರಾತ್ರಿ ಖಾಲಿ ಕಲಮಿನಲ್ಲಿ .243 ಎಂದು ಬರೆದರು. ಮಗಳು ಅಂಚೆಗೆ ಹಾಕಿದಳು.

ನಾನು ಮುಂಬಯಿಗೆ ಮರಳಿದ ಮೇಲೆ ಏಪ್ರಿಲಿನಲ್ಲಿ ಅಳಿಯಂದಿರ ಫೋನು ಬಂತು. ಕುರಿಮರಿಗಳ ಕಾವಲಿಗೆ ನಾಲ್ಕು ರಾತ್ರಿ ಕೂತಿದ್ದರಂತೆ. ಮೂರು ರಾತ್ರಿ ನರಿ ಬಂದರೂ ಗುಂಡು ಹಾರಿಸಲಿಲ್ಲ. ಎರಡು ಸಲ ಹಿಂದೆ ಮಣ್ಣಿರಲಿಲ್ಲ, ಒಂದು ಸಲ ಅದು ನರಿಯೋ ರೈತರ ನಾಯಿಯೋ ಎಂದು ಖಚಿತವಾಗಲಿಲ್ಲ. ನಾಲ್ಕನೆಯ ರಾತ್ರಿ ಒಂದೇ ಗುಂಡಿಗೆ ಕೆಲಸ ಮುಗಿಯಿತು.

“ಆ ಮೂರು ರಾತ್ರಿಯಲ್ಲಿ ಎರಡು ಮರಿ ಹೋದವು ಮಾವ. ರೈತರಿಗೆ ಸ್ವಲ್ಪ ಅಸಮಾಧಾನ” ಎಂದರು.

“ಇರಲಿ, ನೀವು ಮಾಡಿದ್ದೇ ಸರಿ” ಎಂದೆನು.